ಮೂರನೆಯ ಫೋನು

ರಾಜರತ್ನನ ಅಂಗಡಿ ಗಡಿಯಾಚೆಯ ಜತ್ತದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದೆ. ಒಂದೇ ಶಟರು. ಬೋರ್ಡು ಮರಾಠಿಯಲ್ಲಿ, ಒಳಗಿನ ಮಾತು ಬಂದವರ ಮುಖ ನೋಡಿಕೊಂಡು ಕನ್ನಡದಲ್ಲಿ ಅಥವಾ ಮರಾಠಿಯಲ್ಲಿ. ಅಂಗಡಿಗಳಿಗೆ ಕ್ಯಾಮೆರಾ ಕೂರಿಸುತ್ತಾನೆ, ಕೆಟ್ಟ ಕಂಪ್ಯೂಟರು ರಿಪೇರಿ ಮಾಡುತ್ತಾನೆ, ಗೊಬ್ಬರ ಮಾರುವವರಿಗೆ ಬಿಲ್ಲು ಮಾಡುವ ಪ್ರೋಗ್ರಾಮು ಬರೆದುಕೊಡುತ್ತಾನೆ. ವಯಸ್ಸು ಮೂವತ್ತರ ಆಸುಪಾಸು. ಕಾಲೇಜಿನಲ್ಲಿ ಎರಡು ವರ್ಷ ನನ್ನ ಬಳಿ ಗಣಿತ ಕಲಿತ, ಆ ಕಡೆ ಟೀಚರಮ್ಮನನ್ನು ಕರೆಯುವಂತೆ ಈಗಲೂ ನನ್ನನ್ನು ಬಾಯಿ ಎನ್ನುತ್ತಾನೆ. ತೀರ ಜಾಣನೆಂದು ಆಗ ಅನ್ನಿಸಿರಲಿಲ್ಲ, ಈಗಲೂ ಹೇಳಲಾರೆ. ಆದರೆ ಹಿಡಿದ ಲೆಕ್ಕ ಬಿಡಿಸದೆ ಏಳುತ್ತಿರಲಿಲ್ಲ. ಅವನ ಕುರಿತು ಬರೆಯುತ್ತಿರುವುದು ಅವನು ಮನೆಯವರಿಗಾಗಿ ಕಟ್ಟಿದ ಒಂದು ಯಂತ್ರದ ಕಾರಣಕ್ಕೆ.

ಅವನು ಬೆಳೆದದ್ದು ಕುಣಿಕೋಣೂರಿನಲ್ಲಿ. ತಾಯಿ ತೀರಿಕೊಂಡಾಗ ಇನ್ನೂ ಶಾಲೆಗೆ ಸೇರಿರಲಿಲ್ಲ. ತಾಯಿಯ ತಂಗಿ ಅಕ್ಕಾತಾಯಿ ಬಂದು, ಯಾರನ್ನೂ ಕೇಳದೆ, ಎತ್ತಿಕೊಂಡು ಹೋದಳು. ಅವಳ ಗಂಡ ಸಿದರಾಯ ಊರ ಹೊರಗಿನ ಖಡಿ ಮಿಷನ್ನಿನಲ್ಲಿ, ಅಂದರೆ ಕಲ್ಲು ಒಡೆದು ಜಲ್ಲಿ ಮಾಡುವ ಕಡೆ, ಕೂಲಿಗಿದ್ದ. ಅಕ್ಕನ ಮಗನನ್ನು ಹೆಂಡತಿ ತಂದಿದ್ದಕ್ಕೆ ಅವನು ಆಡಿದ ಮಾತು ಒಂದೇ: "ತಂದಿ? ಚಲೋ ಆತು. ಉಣ್ಣಾಕ ಹಾಕು." ಆಮೇಲೆ ಅವರಿಗೆ ಕರಿಷ್ಮಾ ಹುಟ್ಟಿದಳು. ರಾಜರತ್ನ ಅಕ್ಕಾತಾಯಿಯನ್ನು ಚಿಗವ್ವ ಎನ್ನುತ್ತಾನೆ, ಸಿದರಾಯನನ್ನು ಕಾಕಾ ಎನ್ನುತ್ತಾನೆ. ಕರಿಷ್ಮಾಳಿಗೆ ಅವನು ಅಣ್ಣ. ಮನೆಯಲ್ಲಿ ಯಾರೂ ಇದನ್ನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕುಡಿದ ಕಲ್ಲಿನ ಧೂಳು ಸಿದರಾಯನ ಪುಪ್ಪುಸದಲ್ಲಿ ಗಟ್ಟಿಯಾಗಿ ಕೂತಿತು. ಇದಕ್ಕೆ ಔಷಧಿ ಇಲ್ಲವೆಂದು ಮಿರಜಿನ ಡಾಕ್ಟರು ಮೊದಲ ದಿನವೇ ಹೇಳಿದರು. ಹೊರಗಿನಿಂದ ಆಕ್ಸಿಜನ್ ಕೊಡುತ್ತ ಹೋಗಬೇಕು, ಅಷ್ಟೆ. ಕರೆಂಟಿನ ಮೇಲೆ ನಡೆಯುವ ಆಕ್ಸಿಜನ್ ಯಂತ್ರವೊಂದು ಮನೆಗೆ ಬಂತು. ಕರೆಂಟು ಹೋದರೆ ಇರಲೆಂದು ಮೂಲೆಯಲ್ಲಿ ಒಂದು ಸಿಲಿಂಡರು ನಿಲ್ಲಿಸಿದರು. ನೋಡಲು ಬಂದವರಿಗೆ ಸಿದರಾಯ ಹೇಳುತ್ತಿದ್ದ, "ಹಳೇ ಟ್ರ್ಯಾಕ್ಟರ್ ಆಗೇನಿ ನೋಡ್ರಿ. ಆವಾಜ ಭಾಳ, ಮುಂದಕ್ಕ ಮಾತ್ರ ಹೋಗವಲ್ದು."

ಕಷ್ಟ ಇದ್ದದ್ದು ಹಗಲಿನಲ್ಲಿ. ಕರಿಷ್ಮಾ ಸಾಂಗಲಿಯಲ್ಲಿ ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಳು. ಅಕ್ಕಾತಾಯಿ ಬೆಳಿಗ್ಗೆ ಟೆಂಪೋ ಹತ್ತಿ ಯಳವಿಯ ಕಡೆಯ ದ್ರಾಕ್ಷಿ ತೋಟಗಳಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಡುವಿನ ಹೊತ್ತು ಸಿದರಾಯ ಒಬ್ಬನೇ. ರಸ್ತೆಯ ಆಚೆ ಮಲಕವ್ವನ ಕಿರಾಣಿ ಅಂಗಡಿ. ಅವಳು ಲಿಂಗಾಯತರವಳು, ಈ ಬೌದ್ಧರ ಮನೆಯಲ್ಲಿ ಚಹಾ ಮುಟ್ಟುವವಳಲ್ಲ, ಹೊಸ್ತಿಲ ಹೊರಗೆ ನಿಂತು, "ಸಿದರಾಯಾ, ಅದಿಯೇನೋ?" ಎಂದು ಕೂಗಿ ಹೋಗುತ್ತಿದ್ದಳು. ಅವನು ಒಳಗಿನಿಂದ, "ಅದೀನ್ರಿ, ಇನ್ನೂ ಯಾರೂ ಒಯ್ದಿಲ್ಲ," ಎನ್ನುತ್ತಿದ್ದ.

ಇದನ್ನು ನೋಡಿ ರಾಜರತ್ನ ಯಂತ್ರ ಕಟ್ಟಿದ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವ ಕ್ಲಿಪ್ಪು ಬೆರಳಿಗೆ, ಅದರ ವೈರು ಅಂಗೈಯಗಲದ ಕಂಪ್ಯೂಟರ್ ಹಲಗೆಗೆ, ಹಲಗೆ ಒಂದು ಹಳೆಯ ಮೊಬೈಲಿಗೆ. ಎಲ್ಲವೂ ಬ್ಯಾಟರಿಯ ಮೇಲೆ. ಐದು ನಿಮಿಷಕ್ಕೊಮ್ಮೆ ಅಳೆಯುತ್ತದೆ. ಅಂಕಿ ಇಳಿದರೆ ಮೂರು ಜನಕ್ಕೆ ಫೋನು ಮಾಡಿ, ಮೊದಲೇ ತುಂಬಿಟ್ಟ ಧ್ವನಿ ಕೇಳಿಸುತ್ತದೆ: ಅಕ್ಕಾತಾಯಿಗೆ, ಮಲಕವ್ವನಿಗೆ, ಜತ್ತದಲ್ಲಿ ತನಗೆ. ಕರಿಷ್ಮಾಳ ನಂಬರು ಹಾಕಲಿಲ್ಲ. ಸಾಂಗಲಿಯಲ್ಲಿ ಕೂತು ಅವಳು ಮಾಡುವುದಾದರೂ ಏನು ಎಂದು ಸಿದರಾಯ ಬೇಡವೆಂದ.

ಧ್ವನಿ ತುಂಬುವ ದಿನ ಅಕ್ಕಾತಾಯಿ ಮೊದಲು ನಕ್ಕಳು.

"ನನ್ನ ದನೀನ ಯಾಕೋ? ಆ ಕಂಪನಿ ಬಾಯಾರ ದನಿ ಹಾಕು. ಎಷ್ಟ ಚಂದ ಮಾತಾಡ್ತಾರ."

"ಆ ದನಿ ಕೇಳಿದ ಕೂಡ್ಲೆ ಮಲಕವ್ವ ಆಯಿ ಫೋನ್ ಕಟ್ ಮಾಡ್ತಾರ, ಚಿಗವ್ವ. ಲೋನ್ ಬೇಕೇನ್ರಿ ಅಂತ ಕೇಳಾಕ ಮಾಡ್ಯಾರ ಅಂತ ತಿಳ್ಕೊಂತಾರ."

ಮಂಚದ ಮೇಲಿಂದ ಸಿದರಾಯ, "ನಿನ್ನ ದನಿಗೆ ಊರ ಹೆದರತೈತಿ. ಅನ್ನು, ಅನ್ನು," ಎಂದ.

ಅವಳು ಎದುರಿಗೆ ಹಿರಿಯರು ಕೂತಿದ್ದಾರೇನೋ ಎಂಬಂತೆ ಸೆರಗು ಸರಿಮಾಡಿಕೊಂಡಳು. ಗಂಡನ ಹೆಸರು ಹೇಳುವವಳಲ್ಲ. ಮಧ್ಯಾಹ್ನಕ್ಕೊಮ್ಮೆ ಬರುವ ಮೊದಲನೆಯ ಮಾತು: "ಕರಿಷ್ಮಾನ ಅಪ್ಪ ಆರಾಮ ಅದಾರ." ಅಂಕಿ ಸ್ವಲ್ಪ ಇಳಿದರೆ ಬರುವ ಎರಡನೆಯದು: "ಕರಿಷ್ಮಾನ ಅಪ್ಪಗ ದಮ್ಮ ಹತ್ತೇತಿ, ಲಕ್ಷ್ಯ ಇರಲಿ." ಅಂಕಿ ತೀರ ಕುಸಿದರೆ ಬರುವ ಮೂರನೆಯದನ್ನು ರಾಜರತ್ನ ಓದಿ ತೋರಿಸಿದ. ಯಾರೂ ಹಗುರವಾಗಿ ತೆಗೆದುಕೊಳ್ಳಬಾರದೆಂದು ಬೇಕೆಂದೇ ಒರಟಾಗಿ ಬರೆದಿದ್ದ: "ಕರಿಷ್ಮಾನ ಅಪ್ಪನ ಜೀವ ಹೊಂಟೈತಿ, ಇದ್ದಂಗ ಓಡಿ ಬರ್ರಿ."

ಅಕ್ಕಾತಾಯಿ ಫೋನು ಕೆಳಗಿಟ್ಟಳು.

"ಇದನ್ನ ನಾ ಅನ್ನೂದಿಲ್ಲ."

"ಬರೇ ಒಂದ ಮಾತ ಐತಿ, ಚಿಗವ್ವ."

"ಗಂಡ ಎದುರಿಗೆ ಕುಂತಾನ. ಅವನ ಮಾರಿ ನೋಡ್ಕೋತ ಇಂಥಾ ಮಾತ ಯಾವಾಕಿ ಆಡ್ತಾಳೋ?"

"ನಾವು ಬೌದ್ಧರು. ಬಾಯಿಂದ ಅಂದ್ರ ಹಂಗ ಆಗ್ತೈತಿ ಅನ್ನೂದೆಲ್ಲ ಸುಳ್ಳು ಅಂತ ನನಗ ಹೇಳಿಕೊಟ್ಟಾಕಿ ನೀನ."

"ದೇವರ ಬಿಡು ಅಂದ್ರು, ಬಿಟ್ಟೆ. ಹರಕಿ ಬಿಡು ಅಂದ್ರು, ಬಿಟ್ಟೆ. ಇದ ಬಾಯಿಗೆ ಬರವಲ್ದು. ಏನ್ ಮಾಡ್ಲಿ?"

ಸಿದರಾಯ ನಕ್ಕು, ನಗೆ ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಹೇಳಿದ, "ಆಕಿ ಅನ್ನದಿದ್ರ ನಾ ಇನ್ನ ನಾಕ ವರ್ಷ ಇರ್ತೀನಿ. ಬಿಡೋ."

ರಜೆಗೆ ಬಂದಿದ್ದ ಕರಿಷ್ಮಾಳನ್ನು ರಾಜರತ್ನ ಕೇಳಿದ. ಅವಳು, "ಅವ್ವ ಆಡಲಾರದ ಮಾತ ನನ್ನ ಬಾಯಾಗ ಹಾಕ್ತಿಯೇನಣ್ಣಾ? ಶಾಣ್ಯಾ ಅದಿ," ಎಂದು ಎದ್ದು ಹೋದಳು. ಮಲಕವ್ವನನ್ನು ಕೇಳುವ ಧೈರ್ಯವೇ ಆಗಲಿಲ್ಲ. ಹಾಗಾದರೆ ನಾನೇ ಹೇಳುತ್ತೇನೆ ಎಂದ. ಹೇಳಲಿಲ್ಲ. ಅಂಗಡಿಯಲ್ಲಿ ಎರಡು ಸಲ ಫೋನು ಬಾಯಿಯ ಹತ್ತಿರ ಹಿಡಿದನಂತೆ, ಎರಡೂ ಸಲ ಗಿರಾಕಿ ಬಂದರಂತೆ. ಗಿರಾಕಿ ಹೋದ ಮೇಲೂ ದಿನ ಉಳಿದಿತ್ತು. ಹಾಗೆ ಮೂರನೆಯ ಮಾತಿನ ಜಾಗ ಖಾಲಿಯೇ ಉಳಿಯಿತು.

ಖಾಲಿ ಉಳಿದದ್ದೊಂದೇ ಆಗಿದ್ದರೆ ಎಂದಾದರೂ ಯಂತ್ರ ನಿಂತು ಗೊತ್ತಾಗುತ್ತಿತ್ತು. ಗೊತ್ತಾಗದಂತೆ ಮಾಡಿದ್ದು ಇನ್ನೊಂದು.

ಪ್ರೋಗ್ರಾಮು ಬರೆಯುವವರಿಗೆ ಒಂದು ಅನುಕೂಲವಿದೆ. ಮಾಡುವ ಕೆಲಸ ನಡುವೆ ಎಡವಿದರೆ ಇಡೀ ಪ್ರೋಗ್ರಾಮು ನಿಂತುಹೋಗದಂತೆ, ಆ ಭಾಗದ ಕೆಳಗೆ ಒಂದು ಬಲೆ ಕಟ್ಟಬಹುದು. ಇಂಥ ತಪ್ಪು ಬಿದ್ದರೆ ಹೀಗೆ ಮಾಡು, ಅಂಥದು ಬಿದ್ದರೆ ಹಾಗೆ ಮಾಡು ಎಂದು ಒಂದೊಂದಕ್ಕೂ ಬೇರೆಬೇರೆ ಹೇಳಿಡಬೇಕು. ಇದಕ್ಕೆ ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಎನ್ನುತ್ತಾರೆ. ಬೇಸತ್ತವರು ಹಾಗೆ ಮಾಡುವುದಿಲ್ಲ. ಎಲ್ಲ ತಪ್ಪಿಗೂ ಒಂದೇ ಬಲೆ ಕಟ್ಟಿ, ಅದರಲ್ಲಿ ಏನು ಬಿದ್ದರೂ ಎಸೆದು ಮುಂದೆ ನಡೆ ಎಂದು ಬರೆದುಬಿಡುತ್ತಾರೆ. ಬಿದ್ದದ್ದೇನು ಎಂದು ಬರೆದಿಟ್ಟುಕೊಳ್ಳುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ. ಅಲ್ಲಿಂದಾಚೆ ಪ್ರೋಗ್ರಾಮು ಎಂದೂ ನಿಲ್ಲುವುದಿಲ್ಲ. ಕೆಲಸ ಮಾಡುತ್ತಿದೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ಕೇಳುವವರು ಇರುವುದಿಲ್ಲ.

ರಾಜರತ್ನ ಬೇಸತ್ತದ್ದಕ್ಕೆ ಕಾರಣವಿತ್ತು. ಕುಣಿಕೋಣೂರಿನಲ್ಲಿ ನೆಟ್‌ವರ್ಕು ಬಂದು ಹೋಗಿ ಮಾಡುತ್ತದೆ. ಫೋನು ತಾಗದಿದ್ದಾಗಲೆಲ್ಲ ಪ್ರೋಗ್ರಾಮು ಎಡವಿ ನಿಲ್ಲುತ್ತಿತ್ತು, ಅಳೆಯುವುದನ್ನೂ ಬಿಡುತ್ತಿತ್ತು. ಸಿದರಾಯ ಏದುಸಿರಿನಲ್ಲಿ ಎದ್ದು ಸ್ವಿಚ್ಚು ಒತ್ತಿ ಮತ್ತೆ ಚಾಲೂ ಮಾಡಬೇಕು. "ನಿನ್ನ ಮಿಷನ್ನಿನ ಚಾಕರಿ ನಾ ಮಾಡ್ಬೇಕೋ, ನನ್ನ ಚಾಕರಿ ಅದು ಮಾಡ್ಬೇಕೋ?" ಎಂದು ಅವನು ಒಂದು ಸಂಜೆ ಕೇಳಿದಾಗ ರಾಜರತ್ನ ಅಲ್ಲೇ ಕೂತು, ಫೋನು ಮಾಡುವ ಇಡೀ ಭಾಗಕ್ಕೆ ಒಂದು ದೊಡ್ಡ ಬಲೆ ಕಟ್ಟಿದ. ಏನೇ ಎಡವಟ್ಟಾಗಲಿ, ಸುಮ್ಮನೆ ಮುಂದಿನ ಅಳತೆಗೆ ಹೋಗು. ಯಂತ್ರ ಆವತ್ತಿನಿಂದ ಒಮ್ಮೆಯೂ ನಿಲ್ಲಲಿಲ್ಲ. ಹಸಿರು ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ಮನೆಯವರಿಗೆಲ್ಲ ಹಿಡಿಸಿತು.

ಮೊದಲನೆಯ ಮತ್ತು ಎರಡನೆಯ ಮಾತನ್ನು ರಾಜರತ್ನ ಪರೀಕ್ಷಿಸಿದ್ದ. ಕ್ಲಿಪ್ಪಿನ ಅಂಕಿಯ ಬದಲು ಸುಳ್ಳು ಅಂಕಿ ಕೊಟ್ಟು ಫೋನು ಬರುವುದನ್ನು ನೋಡಿದ್ದ. ಮೂರನೆಯದನ್ನು ಪರೀಕ್ಷಿಸಲಿಲ್ಲ. ಇಲ್ಲದ ಧ್ವನಿಯನ್ನು ಪರೀಕ್ಷಿಸುವುದು ಹೇಗೆ? ಧ್ವನಿ ತುಂಬಿದ ದಿನ ನೋಡೋಣ ಎಂದುಕೊಂಡ. ಅತಿ ದೊಡ್ಡ ಆಪತ್ತಿಗೆಂದು ಬರೆದ ಸಾಲುಗಳೇ ಒಮ್ಮೆಯೂ ಓಡಿ ನೋಡದ ಸಾಲುಗಳಾಗಿರುವುದು ಅವನೊಬ್ಬನ ಪ್ರೋಗ್ರಾಮಿನಲ್ಲಿ ಮಾತ್ರವಲ್ಲ. ದೊಡ್ಡ ಊರುಗಳಲ್ಲಿ ದೊಡ್ಡ ಸಂಬಳಕ್ಕೆ ಬರೆಯುವವರಲ್ಲೂ ಇದನ್ನು ನೋಡಿದ್ದೇನೆ.

ಮನೆಯವರೊಳಗೆ ಒಂದು ಕಟ್ಟಳೆ ಆಯಿತು: ಎರಡನೆಯ ಫೋನು ಬಂದರೆ ಎಚ್ಚರ, ಮೂರನೆಯದು ಬಂದರೆ ಓಟ. ಎರಡನೆಯದು ಆಗಾಗ ಬರುತ್ತಿತ್ತು. ಸಿದರಾಯ ಮುಂದಕ್ಕೆ ಬಾಗಿ, ತೊಡೆಯ ಮೇಲೆ ಮೊಣಕೈ ಊರಿ ಕೂತು, ಮೆಲ್ಲಗೆ ಉಸಿರು ಹಿಡಿದುಕೊಳ್ಳುತ್ತಿದ್ದ, ಅಂಕಿ ಮೇಲೇಳುತ್ತಿತ್ತು. ದಮ್ಮು ಹತ್ತಿದಾಗ ಅವನಿಗೆ ಮಾತಾಡಲು ಆಗದು, ಹಾಗಾಗಿ ಯಾರೂ ಮರಳಿ ಫೋನು ಮಾಡಬಾರದೆಂದೂ ಆಗಿತ್ತು. ತೋಟದಲ್ಲಿ ಜೊತೆಗಿನ ಹೆಂಗಸರಿಗೆ ಇದೊಂದು ತಮಾಷೆ. ಇಂದ್ರಾಬಾಯಿ ಎಂಬವಳು, "ಅಕ್ಕಾತಾಯೀ, ನಿನ್ನ ಫೋನ್ ಬಂತು ನೋಡ, ನಿನಗ ನೀನ ಮಾಡೀದಿ," ಎನ್ನುತ್ತಿದ್ದಳು. ಅಕ್ಕಾತಾಯಿ ತನ್ನದೇ ಧ್ವನಿಯನ್ನು ಕಿವಿಗೆ ಹಚ್ಚಿ ಪೂರ್ತಿ ಕೇಳಿ, ಫೋನನ್ನು ರವಿಕೆಯೊಳಗಿಟ್ಟು, ಮುಂದಿನದಕ್ಕಾಗಿ ಕಾಯುತ್ತ ಕೆಲಸ ಮಾಡುತ್ತಿದ್ದಳು. ಅದು ಬರುತ್ತಿರಲಿಲ್ಲ. ಬರಲಿಲ್ಲ ಎಂದರೆ ಸುಧಾರಿಸಿಕೊಂಡ ಎಂದು ಅರ್ಥ. ಸಂಜೆ ಹೋಗಿ ನೋಡಿದರೆ ಹಾಗೇ ಆಗಿರುತ್ತಿತ್ತು. ಏನೂ ಕೇಳಿಬರದಿದ್ದರೆ ಕ್ಷೇಮ ಎಂಬುದನ್ನು ಅವಳು ಹೀಗೆ ದಿನವೂ ಕಲಿತಳು.

ದ್ರಾಕ್ಷಿಯ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಜೋರಾಗಿದ್ದ ದಿನಗಳವು. ಒಂದು ಮಧ್ಯಾಹ್ನ ಕುಣಿಕೋಣೂರಿನ ಟ್ರಾನ್ಸ್‌ಫಾರ್ಮರು ಸುಟ್ಟಿತು. ಆಕ್ಸಿಜನ್ ಯಂತ್ರ ನಿಂತಿತು. ಸಿದರಾಯ ಸಿಲಿಂಡರಿನ ಕಡೆ ಎದ್ದು ಹೊರಟ. ಎರಡನೆಯ ಫೋನು ಮೂವರಿಗೂ ಹೋಯಿತು. ಮಲಕವ್ವ ಆ ಹೊತ್ತಿಗೆ ಕರಜಗಿಯಲ್ಲಿ, ಬಳಗದವರ ಮನೆಯ ಸೀಮಂತದಲ್ಲಿ ಇದ್ದಳು. ಫೋನು ಕೇಳಿ, ಊರಲ್ಲಿ ಉಳಿದವರು ನೋಡಿಕೊಳ್ಳುತ್ತಾರೆ ಎಂದುಕೊಂಡಳು. ರಾಜರತ್ನ ಜತ್ತದಲ್ಲಿ ಏಣಿಯ ಮೇಲೆ ನಿಂತು ಕ್ಯಾಮೆರಾ ಕೂರಿಸುತ್ತಿದ್ದ. ಅಕ್ಕಾತಾಯಿ ಸಾಲಿನ ನಡುವೆ ಇದ್ದಳು. ಮೂವರೂ ಮೂರನೆಯದಕ್ಕೆ ಕಾದರು.

ಸಿದರಾಯ ಸಿಲಿಂಡರಿನವರೆಗೆ ಮುಟ್ಟಲಿಲ್ಲ. ಮಂಚಕ್ಕೂ ಗೋಡೆಗೂ ನಡುವೆ ಕುಸಿದ. ಬೆರಳಿನ ಕ್ಲಿಪ್ಪು ಬೆರಳಿನಲ್ಲೇ ಇತ್ತು. ಯಂತ್ರ ಅಳೆಯಿತು, ಅಪಾಯವೆಂದು ಸರಿಯಾಗಿ ಗುರುತಿಸಿತು, ಮೂರನೆಯ ಧ್ವನಿಯನ್ನು ಹುಡುಕಿತು. ಇರಲಿಲ್ಲ. ತಪ್ಪು ಎದ್ದಿತು, ಬಲೆಗೆ ಬಿತ್ತು, ಬಲೆ ಅದನ್ನು ಎಸೆಯಿತು. ಪ್ರೋಗ್ರಾಮು ಮುಂದಿನ ಅಳತೆಗೆ ಹೋಯಿತು. ಮತ್ತೆ ಅಪಾಯ, ಮತ್ತೆ ಹುಡುಕಾಟ, ಮತ್ತೆ ಬಲೆ. ಹಸಿರು ದೀಪ ಉರಿಯುತ್ತಲೇ ಇತ್ತು.

ಅಕ್ಕಾತಾಯಿ ಹಿಡಿದ ಸಾಲು ಮುಗಿಸಿದಳು, ಇನ್ನೊಂದು ಸಾಲು ಹಿಡಿದಳು. ಏಣಿ ಇಳಿದ ರಾಜರತ್ನ ಫೋನು ತೆಗೆದು ನೋಡಿದ. ಮೂರನೆಯದು ಬಂದಿರಲಿಲ್ಲ. ಚಹಾ ಕುಡಿದ.

ನೋಡಿದವಳು ಮಲಕವ್ವ. ಕರಜಗಿಯಿಂದ ಮರಳಿ, ಅಂಗಡಿಯ ಬೀಗ ತೆಗೆಯುವ ಮೊದಲು ಎಂದಿನಂತೆ ಹೊಸ್ತಿಲ ಹೊರಗೆ ನಿಂತು ಕೂಗಿದಳು. ಉತ್ತರ ಬರಲಿಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋದಳು, ಸಿಲಿಂಡರು ತಿರುವಿ ನಳಿಗೆಯನ್ನು ಅವನ ಮೂಗಿಗೆ ಸಿಕ್ಕಿಸಿದಳು. ಇದನ್ನು ಕರಿಷ್ಮಾ ಅವಳಿಗೆ ಬಾಗಿಲಲ್ಲೇ ನಿಲ್ಲಿಸಿ ಕಲಿಸಿದ್ದಳು. ಆಮೇಲೆ ಜತ್ತದ ಆಸ್ಪತ್ರೆ, ಅಲ್ಲಿಂದ ಮಿರಜ. ಸಿದರಾಯ ಉಳಿದ.

ರಾಜರತ್ನ ಯಂತ್ರವನ್ನು ಕಿತ್ತು ತಂದು ನನ್ನ ಮನೆಯ ಮೇಜಿನ ಮೇಲಿಟ್ಟ. ಸಿಮ್ಮು ಬದಲಿಸಿ ನೋಡಿದ್ದ, ಬ್ಯಾಟರಿ ನೋಡಿದ್ದ, ಟವರಿನವರನ್ನು ವಿಚಾರಿಸಿದ್ದ. "ಎಲ್ಲಾ ಸರಿ ಐತ್ರಿ ಬಾಯಿ. ಒಂದ ತಪ್ಪೂ ತೋರಸವಲ್ದು," ಎಂದ. ತೋರಿಸದಂತೆ ಬರೆದವನು ಅವನೇ ಎಂಬುದು ಅವನಿಗೆ ಆ ಗಾಬರಿಯಲ್ಲಿ ನೆನಪಾಗಿರಲಿಲ್ಲ. ಬಲೆ ಬಿಚ್ಚಿ ಓಡಿಸು ಎಂದೆ. ಬಿಚ್ಚಿ, ಸುಳ್ಳು ಅಂಕಿ ಕೊಟ್ಟು ಓಡಿಸಿದ. ತೆರೆಯ ತುಂಬ ಕೆಂಪು ಅಕ್ಷರ ಬಂದವು: ಕೇಳಿದ ಧ್ವನಿ ಇಲ್ಲ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಅವನು ವೈರು ಸುತ್ತಿಕೊಂಡು ಮಿರಜಿನ ಬಸ್ಸು ಹಿಡಿದ.

ಆಸ್ಪತ್ರೆಯ ಪಡಸಾಲೆಯಲ್ಲಿ ಅಕ್ಕಾತಾಯಿಗೆ ಎಲ್ಲವನ್ನೂ ಹೇಳಿದ.

ಅವಳು, "ಅನ್ನೂದಿಲ್ಲ ಅಂದಾಕಿ ನಾ," ಎಂದಳು.

"ನೀ ಅನ್ನೂದಿಲ್ಲ ಅಂದದ್ದು ತಪ್ಪಲ್ಲ ಚಿಗವ್ವ. ನೀ ಅಂದಿಲ್ಲ ಅನ್ನೂದನ್ನ ಅದು ನಮಗ ಹೇಳಬೇಕಿತ್ತು. ಹೇಳದಂಗ ಅದರ ಬಾಯಿ ಹೊಲದಾಂವ ನಾ."

"ತಾ ಇಲ್ಲೆ."

ಅವನ ಫೋನು ಕಸಿದುಕೊಂಡು, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಂತೆ, ಆ ಮೂರನೆಯ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಆಮೇಲೆ ನೀರು ಕೇಳಿ ಕುಡಿದಳು.

ಡಾಕ್ಟರನ್ನು ರಾಜರತ್ನ ಒಂದೇ ಪ್ರಶ್ನೆ ಕೇಳಿದ: ಈಗಿನ ಸ್ಥಿತಿ ಆ ಮಧ್ಯಾಹ್ನದಿಂದ ಆದದ್ದೋ, ರೋಗವೇ ಇಲ್ಲಿಗೆ ಬಂದಿತ್ತೋ. ಅವರು ಮರಾಠಿಯಲ್ಲಿ, ಇಷ್ಟು ಅದರಿಂದ ಇಷ್ಟು ಇದರಿಂದ ಎಂದು ಬೇರ್ಪಡಿಸಲು ಬರುವುದಿಲ್ಲ ಎಂದರು. ಸಮಾಧಾನದ ಸುಳ್ಳಿಗಿಂತ ಇದು ಒಳ್ಳೆಯ ಉತ್ತರ. ಅವನಿಗೆ ಮಾತ್ರ ಇದರಿಂದ ಏನೂ ಆಗಲಿಲ್ಲ. ಈಗಲೂ ಅವನ ಬಳಿ ಇರುವುದು ಆ ಉತ್ತರವೇ.

ಸಿದರಾಯನನ್ನು ಮನೆಗೆ ತಂದ ಮೇಲೆ ಯಂತ್ರವನ್ನು ಮತ್ತೆ ಹೂಡಿದರು. ಈ ಸಲ ರಾಜರತ್ನ ಬಲೆಗೆ ಬಿದ್ದ ಯಾವುದನ್ನೂ ಎಸೆಯಗೊಡಲಿಲ್ಲ. ಏನೇ ತಪ್ಪು ಎದ್ದರೂ ಮೂರನೆಯ ಫೋನು ಹೋಗಲಿ ಎಂದು ಬರೆದ. ಇದು ಮೊದಲನೆಯದರಷ್ಟೇ ಅವಿವೇಕ, ಹೆದರಿದವನ ಅವಿವೇಕ. ಸಿದರಾಯ ಮೂಗು ತುರಿಸಿದರೆ ಕ್ಲಿಪ್ಪು ಜಾರುತ್ತಿತ್ತು, ಮೂವರ ಫೋನಿನಲ್ಲೂ ಅಕ್ಕಾತಾಯಿಯ ಧ್ವನಿ ಜೀವ ಹೊಂಟೈತಿ ಎನ್ನುತ್ತಿತ್ತು. ಅವನು ಬೆವರಿದರೆ ಫೋನು, ನೆಟ್‌ವರ್ಕು ಹೋಗಿ ಬಂದರೆ ಫೋನು. ಅಕ್ಕಾತಾಯಿ ಯಳವಿಯ ತೋಟದಿಂದ ಕತ್ತರಿ ಕೈಯಲ್ಲೇ ಹಿಡಿದು ಓಡಿ, ಸಿಕ್ಕ ಗಾಡಿಗೆ ಕೈಮಾಡಿ, ಬಂದು ನೋಡಿದರೆ ಗಂಡ ಚುರುಮುರಿ ತಿನ್ನುತ್ತ ಕೂತಿರುತ್ತಿದ್ದ.

ಕೂಲಿಯವರ ಮೇಸ್ತ್ರಿ, ಮುಕಾದಮ ಅನಿಲ ಎಂಬವನು ಒಂದು ದಿನ ಎಲ್ಲರ ಮುಂದೆ ಕೇಳಿದ, "ಅಕ್ಕಾತಾಯೀ, ನೀ ಚಾಟಣಿಗೆ ಬರ್ತಿಯೋ, ಓಡೂ ಶರ್ಯತ್ತಿಗೆ ಬರ್ತಿಯೋ? ಹೇಳಿಬಿಡು, ಗೆದ್ದರ ಕೊಡಾಕ ಕಪ್ ತರಸ್ತೀನಿ."

ಯಾರೂ ನಗಲಿಲ್ಲ ಎಂದು ಇಂದ್ರಾಬಾಯಿ ಆಮೇಲೆ ಹೇಳಿದಳು. ಅಕ್ಕಾತಾಯಿ ಟೆಂಪೋ ಹತ್ತಿದಳು. ಮರುದಿನ ಅನಿಲ ಬೇರೊಬ್ಬಳನ್ನು ಕರೆದುಕೊಂಡ. ಅವನಿಗೂ ಮುಗಿಸಬೇಕಾದ ಕೆಲಸವಿತ್ತು.

ಅದೇ ವಾರ ಸಿದರಾಯ ಕ್ಲಿಪ್ಪು ಕಿತ್ತು ರಾಜರತ್ನನ ಅಂಗೈಯಲ್ಲಿಟ್ಟ. "ಇದನ್ನ ನೀ ನನ್ನ ಬೆರಳಿಗೆ ಹಾಕಿಲ್ಲಪ್ಪ. ಆಕಿ ಕಾಲಿಗೆ ಹಾಕೀದಿ."

"ಸರಿ ಮಾಡ್ತೀನಿ ಕಾಕಾ. ಸ್ವಲ್ಪ ದಿನ ಕೊಡು."

"ನನ್ನ ಕಡೆ ಅದಾವೇನೋ ದಿನ? ಇದ್ರ ತಗೋ."

ರಾಜರತ್ನ ಈ ಸಲ ಮಾಡಬೇಕಾದದ್ದನ್ನು ಮಾಡಿದ. ಅಂಗಡಿ ಅರ್ಧ ದಿನ ಮುಚ್ಚಿ, ತಪ್ಪುಗಳನ್ನು ಒಂದೊಂದಾಗಿ ಬೇರೆ ಮಾಡಿದ. ಕ್ಲಿಪ್ಪು ಜಾರಿದರೆ ಮೊದಲು ಸಿದರಾಯನ ತಲೆಯ ಹತ್ತಿರ ಸಣ್ಣ ಗಂಟೆ. ಅವನು ಸರಿಮಾಡಿಕೊಳ್ಳದಿದ್ದರೆ ಮಾತ್ರ ಫೋನು. ನೆಟ್‌ವರ್ಕು ಇಲ್ಲದಿದ್ದರೆ ರಸ್ತೆಗೆ ಕೇಳುವಂತೆ ಭೋಂಗಾ, ಅಂದರೆ ಸೈರನ್ನು. ಧ್ವನಿ ಸಿಗದಿದ್ದರೆ ಧ್ವನಿಯಿಲ್ಲದೆಯೇ ಬರೀ ಕರೆ. ಗುರುತು ಸಿಗದ ತಪ್ಪಾದರೆ ಅವನೊಬ್ಬನಿಗೆ ಸುದ್ದಿ. ಪ್ರತಿಯೊಂದನ್ನೂ ಬೇಕೆಂದೇ ಕೆಡಿಸಿ, ಹೇಳಿದಂತೆ ನಡೆಯುತ್ತದೆಯೇ ಎಂದು ನೋಡಿದ. ನಾನೂ ನೋಡಿದೆ. ಕೊರತೆ ಕಾಣಲಿಲ್ಲ.

ಅಷ್ಟು ಹೊತ್ತಿಗೆ ಸಿದರಾಯ ಒಬ್ಬನೇ ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಅಕ್ಕಾತಾಯಿ ತೋಟದ ಕೆಲಸ ಪೂರ್ತಿ ಬಿಟ್ಟು, ಮಲಕವ್ವನ ಅಂಗಡಿಯ ಶೇಂಗಾ ತಂದು ಮಂಚದ ಬುಡದಲ್ಲಿ ಕೂತು ಒಡೆಯುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆಂದು ಕಟ್ಟಿದ ಯಂತ್ರ ಸರಿಯಾದಾಗ, ಯಾರೂ ಇಲ್ಲದ ಹೊತ್ತೇ ಆ ಮನೆಯಲ್ಲಿ ಉಳಿದಿರಲಿಲ್ಲ. ಆದರೂ ಕ್ಲಿಪ್ಪು ಹಾಕಿದರು. ಈ ಸಲ ಸಿದರಾಯ ಬೇಡ ಎನ್ನಲಿಲ್ಲ. ಬೇಡ ಎನ್ನಲೂ ಉಸಿರು ಬೇಕು.

ಒಂದು ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ, ಅಂಕಿ ಇಳಿಯತೊಡಗಿತು. ಕರೆಂಟು ಇತ್ತು, ಆಕ್ಸಿಜನ್ ಯಂತ್ರ ನಡೆಯುತ್ತಿತ್ತು. ಎರಡನೆಯ ಫೋನು ಬಂತು. ಅಕ್ಕಾತಾಯಿ ಎದ್ದು ಸಿಲಿಂಡರನ್ನೂ ತಿರುವಿ, ಅವನನ್ನು ಮುಂದಕ್ಕೆ ಬಾಗಿಸಿ, ತನ್ನ ಹೆಗಲಿಗೆ ಅವನ ಹಣೆ ಆನಿಸಿಕೊಂಡು ಬೆನ್ನು ಸವರಿದಳು. ಅಂಕಿ ಇಳಿಯುತ್ತಲೇ ಇತ್ತು. ಮೂರನೆಯದು ಹೋಯಿತು. ಮಲಕವ್ವ ತಕ್ಕಡಿಯಲ್ಲಿ ಸಕ್ಕರೆ ಹಾಗೇ ಬಿಟ್ಟು ಬಂದಳು. ಜತ್ತದಿಂದ ರಾಜರತ್ನ ಮೋಟಾರ್ ಸೈಕಲ್ ಹತ್ತಿದ. ಅಕ್ಕಾತಾಯಿಯ ಫೋನು ಅವಳ ಪಕ್ಕದಲ್ಲೇ, ಶೇಂಗಾದ ಸಿಪ್ಪೆಯ ನಡುವೆ ಬಡಿದುಕೊಂಡಿತು. ಎತ್ತಲು ಅವಳಿಗೆ ಕೈ ಖಾಲಿ ಇರಲಿಲ್ಲ. ಮಲಕವ್ವ ಆಂಬುಲೆನ್ಸಿಗೆ ಹೇಳಿದಳು, ಆಂಬುಲೆನ್ಸು ಹೊರಟಿತು. ಎಲ್ಲವೂ ಬರೆದಿಟ್ಟ ಕ್ರಮದಲ್ಲೇ ನಡೆಯಿತು, ಯಾವುದೂ ಎಡವಲಿಲ್ಲ. ಸಿದರಾಯ ಹೆಂಡತಿಯ ಹೆಗಲ ಮೇಲೆ ತೀರಿಕೊಂಡ.

ರಾಜರತ್ನ ಬಂದಾಗ ಅವನನ್ನು ಮಲಗಿಸಿ ಆಗಿತ್ತು. ಅಕ್ಕಾತಾಯಿ ತಲೆಯೆತ್ತಿ ನೋಡಿದಳು.

"ಬಂತೇನೋ ಫೋನು?"

"ಬಂತು ಚಿಗವ್ವ."

"ಹ್ಞೂಂ," ಎಂದಳು.

ಕರಿಷ್ಮಾಳಿಗೆ ತಿಳಿಸುವುದಿತ್ತು. ಸೇರಿದ ಹಿರಿಯರೆಲ್ಲರದೂ ಒಂದೇ ಮಾತು. ದೂರದಲ್ಲಿರುವ ಹೆಣ್ಣುಮಗಳಿಗೆ ಇಂಥ ಸುದ್ದಿಯನ್ನು ನೇರವಾಗಿ ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಮಲಕವ್ವ ರಾಜರತ್ನನನ್ನು ಪಕ್ಕಕ್ಕೆ ಕರೆದು, "ಅಪ್ಪಗ ಜರಾ ಆರಾಮಿಲ್ಲ, ಬಂದ ಹೋಗು ಅಂತನ್ನು. ಒಂಟಿ ಕೂಸು ಬಸ್ಸಿನ್ಯಾಗ ಹೆಂಗ ಬರಬೇಕೋ ತಮ್ಮಾ," ಎಂದಳು. ಆಗಲಿ ಎಂದು ಅವನು ರಸ್ತೆಗೆ ಹೋಗಿ ಫೋನು ಹಚ್ಚಿದ.

"ಕರಿಷ್ಮಾ, ಕಾಕಾಗ ಜರಾ ಆರಾಮಿಲ್ಲ. ಹೊಂಟ ಬಾ."

"ನಂಬರ್ ಎಷ್ಟೈತಿ?"

ಅವನು ಮನೆಯ ಬಾಗಿಲ ಕಡೆ ತಿರುಗಿ ನೋಡಿದ.

"ಅಣ್ಣಾ, ಆಕ್ಸಿಜನ್ ಎಷ್ಟ ತೋರಸಾಕತ್ತೈತಿ? ದಿನಾ ವಾರ್ಡಿನ್ಯಾಗ ಇದನ್ನ ನೋಡಾಕಿ ನಾ. ಹೇಳ."

ಎಂಬತ್ತೆಂಟು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು ಎಂದು ಅವನು ಆಮೇಲೆ ನನಗೆ ಹೇಳಿದ. ನಂಬುವಂಥ ಅಂಕಿ. ಅಷ್ಟು ಹೇಳಿದ್ದರೆ ಅವಳು ಚೀಲ ತುಂಬಿಕೊಂಡು ಹೊರಡುತ್ತಿದ್ದಳು.

"ನಂಬರ್ ಇಲ್ಲ ಕರಿಷ್ಮಾ. ಕಾಕಾ ಹೋದ."

ಆ ಕಡೆ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಯಾವಾಗ?"

"ಈಗ. ಒಂದ ತಾಸಾತು."

"ಅವ್ವ ಹತ್ತಿರ ಇದ್ದಳೇನು?"

"ಇದ್ದಳು. ಆಕಿ ಹೆಗಲ ಮ್ಯಾಲೇ."

"ಬರ್ತೀನಿ," ಎಂದಳು. ಸ್ವಲ್ಪ ತಡೆದು, "ಫೋನ್ ಇಡಬ್ಯಾಡ," ಎಂದಳು.

ಅವನು ಇಡಲಿಲ್ಲ. ಅವಳು ಬಟ್ಟೆ ತುಂಬಿದ್ದು, ಬಾಗಿಲು ಹಾಕಿದ್ದು, ಮೆಟ್ಟಿಲು ಇಳಿದದ್ದು, ರಿಕ್ಷಾದವನಿಗೆ ಬಸ್‌ಸ್ಟ್ಯಾಂಡು ಎಂದದ್ದು ಅವನಿಗೆ ಕೇಳಿಸಿತು. ಕಂಡಕ್ಟರು ಜತ್ತ, ಜತ್ತ ಎಂದು ಕೂಗುವುದು ಕೇಳಿಸಿತು. ಮನೆಯೊಳಗಿಂದ ಯಾರೋ ಅವನನ್ನು ಎರಡು ಸಲ ಕರೆದರು. ಅವನು ಬಿಸಿಲಿನಲ್ಲಿ ರಸ್ತೆಯ ಬದಿಗೆ ಫೋನು ಕಿವಿಗೆ ಹಿಡಿದು ನಿಂತೇ ಇದ್ದ. ಬಸ್ಸು ಮಿರಜ ದಾಟಿದ ಮೇಲೆ ನೆಟ್‌ವರ್ಕು ಹೋಯಿತು.